ತಿಪ್ಪೆಯ ಮೇಲಿನ ಕಲ್ಲು

ಒಂದು ಕೈಯಲ್ಲಿ ಸೆಗಣಿ ಬುಟ್ಟಿ, ಇನ್ನೊಂದು ಕೈಯಲ್ಲಿ ಮೊಬೈಲ್. ಬೀದರಿನ ನಮ್ಮ ವಿಶ್ವವಿದ್ಯಾಲಯದ ಗೇಟಿನ ಮುಂದೆ ನಿಂತು ಒಂದೇ ಹೆಬ್ಬೆರಳಿನಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಇಂದು ದೀಪಾವಳಿ ಪಾಡ್ಯ. ಬುಟ್ಟಿಯಲ್ಲಿ ಸೆಗಣಿಯ ಐದು ಪಾಂಡವರು ಕೂತಿದ್ದಾರೆ; ನಮ್ಮ ಕಡೆ ಈ ಹಬ್ಬಕ್ಕೆ ಮನೆಬಾಗಿಲಿಗೂ ತಿಪ್ಪೆಗೂ ಇವರನ್ನಿಟ್ಟು ಪೂಜಿಸುತ್ತಾರೆ. ಕಾವಲುಗಾರ ರಿಜಿಸ್ಟರ್ ಹುಡುಕುತ್ತಿದ್ದಾನೆ. ಅಷ್ಟರಲ್ಲಿ ಹೇಳಿಬಿಡುತ್ತೇನೆ, ಕೇಳಿ.

ಈ ವಿಶ್ವವಿದ್ಯಾಲಯ ಎದ್ದದ್ದು ಒಂದು ಹಳ್ಳಿಯನ್ನು ಎಬ್ಬಿಸಿ. ಆ ಜನರೆಲ್ಲ ಚಿದ್ರಿಯ ಕಡೆ ಹೋದರು. ಕೆಲವು ವರ್ಷಗಳ ಹಿಂದೆ ಇಲ್ಲಿನವರಿಗೆ ಅದು ನೆನಪಾಗಿ, ಹಳ್ಳಿಯ ಅಗಸಿ, ಅಂದರೆ ಊರಬಾಗಿಲು, ಇದ್ದಲ್ಲೇ ಒಂದು ನೆನಪಿನ ಕಲ್ಲು ನೆಡೋಣ ಎಂದರು. ಜಾಗ ತೋರಿಸಲು ನಾನು ಮುಂದೆ ಬಿದ್ದೆ. ವಿಡಿಯೋ ನೋಡಿಯೇ ಇತಿಹಾಸ ಕಲಿತವನು ನಾನು. ಹಿಂದೆ ಬೀಳುವುದು ಗೊತ್ತಿರಲಿಲ್ಲ. ನಿಜಾಮರ ಕಾಲದ ನಕ್ಷೆಯೊಂದು ಸಿಕ್ಕಿತು. ಅಕ್ಷರವೆಲ್ಲ ಉರ್ದು. ನನಗೆ ಓದಲು ಬಾರದ್ದರಿಂದ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಚಿಂತೆಯೇ ಇರಲಿಲ್ಲ.

ನಾನು ತೋರಿಸಿದಲ್ಲೇ ನೆಟ್ಟ ಕಲ್ಲಿನ ಪರದೆ ಸರಿಸಲು ಆ ಹಳ್ಳಿಯ ಕಾಶಮ್ಮ ಕಾಕಿಯನ್ನು ಚಿದ್ರಿಯಿಂದ ಕರೆತಂದೆವು. ಕಾಕಿ ಕಲ್ಲು ನೋಡಲಿಲ್ಲ. "ಬಾವಿ ಅದನೋ, ಮುಚ್ಚೀರೋ?" ಎಂದಳು. ಹಾಸ್ಟೆಲಿನ ಹಿಂದಿದ್ದ ಹಳೇ ಬಾವಿ ತೋರಿಸಿದೆ. ಅಲ್ಲಿಂದ ಹೆಜ್ಜೆ ಎಣಿಸುತ್ತ ಬಂದು ಕಲ್ಲಿನ ಮುಂದೆ ನಿಂತು ಸೆರಗು ಬಾಯಿಗಿಟ್ಟು ನಕ್ಕಳು.

"ಏ ತಮ್ಮಾ, ಇದು ಅಗಸಿ ಅಲ್ಲೋ. ನಮ್ಮನಿ ತಿಪ್ಪಿ!"

ಕುಲಪತಿಗಳ ಕೈಯಲ್ಲಿದ್ದ ಹಾರ ಅರ್ಧದಲ್ಲೇ ನಿಂತಿತು.

"ಕಾಕಿ, ನಕಾಶಿಯೊಳಗ ಹಂಗೇ ಅದರಿ," ಎಂದೆ.

"ನಕಾಶಿಗಿ ಏನ್ ಗೊತ್ತೋ? ದಿನಾ ಸೆಗಣಿ ಬುಟ್ಟಿ ಹೊತ್ತಾಕಿ ನಾನು!"

ನಕ್ಷೆ ತಲೆಕೆಳಗಾಗಿತ್ತು, ಈಗ ನಾನೂ. ಕುಲಪತಿಗಳು, "ಕಲ್ಲು ತೆಗೆಸಿ ಬೇರೆ ಕಡಿ ಇಡಿಸ್ತೇವ್ರೀ ಅಮ್ಮಾ," ಎಂದರು.

ಕಾಕಿಯ ನಗು ನಿಂತಿತು. "ಬ್ಯಾಡ್ರಿ. ಮನಿ, ಅಗಸಿ ಎಲ್ಲಾ ನಿಮಗ ಹೋಯ್ತು. ತಿಪ್ಪಿಯಾದರೂ ನಮ್ಮ ಹೆಸರಿಗಿ ಇರ್ಲಿ. ದೀವಳಗಿಗಿ ಪಾಂಡವರನ್ನ ಇಡಲಿಕ್ಕ ಬಂದಾಗೆಲ್ಲಾ ನಿಮ್ಮ ಗೇಟಿನವ ಹೊಳ್ಳಿ ಕಳಿಸ್ತಾನ. ಇನ್ನರ ಒಳಗ ಬಿಡ್ತೀರೇನ್ರಿ?"

ಎಲ್ಲರೂ ಕುಲಪತಿಗಳನ್ನೇ ನೋಡಿದರು. "ಬಿಡ್ತೇವ್ರಿ," ಎಂದರು ಅವರು. ಹಾರ ಕಲ್ಲಿನ ಮೇಲೆ ಬಿತ್ತು.

ಅಂದಿನಿಂದ ಪ್ರತಿವರ್ಷ ಕಾಕಿ ತಪ್ಪದೆ ಬಂದಳು. ಈ ಸಲ ಮೊಣಕಾಲು ನೋವು. "ಜಾಗ ನಿನಗ ಗೊತ್ತದಲ್ಲೋ, ಪಂಡಿತಾ," ಎಂದು ಬುಟ್ಟಿ ನನ್ನ ಕೈಗೆ ಕೊಟ್ಟಳು.

ರಿಜಿಸ್ಟರ್ ಸಿಕ್ಕಿತು. ಬಂದ ಕಾರಣ ಎಂಬಲ್ಲಿ ನಾನು ಯಾವಾಗಲೂ 'ಸಂಶೋಧನೆ' ಎಂದು ದೊಡ್ಡದಾಗಿ ಬರೆಯುವವನು. ಕಾವಲುಗಾರ ಬುಟ್ಟಿಗೆ ಇಣುಕಿ, "ಎಲ್ಲಿಗ್ರೀ?" ಎಂದ.

"ನಮ್ಮ ತಿಪ್ಪಿಗ್ರಿ," ಎಂದೆ. ಅದನ್ನೇ ಬರೆದೆ.

ಗೇಟು ತೆರೆದ.