ಕೆಡವದೆ ಉಳಿದ ಕಾರ್ಖಾನೆ

ನನ್ನ ಹೆಂಡತಿ ಆರ್ಕಿಟೆಕ್ಟ್ ಆಗಿದ್ದಳು. ಹೊಸದನ್ನು ಕಟ್ಟುವುದಕ್ಕಿಂತ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ ಬಳಕೆಗೆ ತರುವುದರಲ್ಲೇ ಅವಳಿಗೆ ಹೆಚ್ಚು ಖುಷಿ. ಪೀಣ್ಯದಲ್ಲಿ ಮುಚ್ಚಿಹೋಗಿದ್ದ ಸರ್ಕಾರಿ ಕಾರ್ಖಾನೆಯೊಂದನ್ನು ಕೆಡವಿ, ಅಲ್ಲಿ ಕಾರ್ಮಿಕರಿಗೆ ಆಸ್ಪತ್ರೆ ಕಟ್ಟುತ್ತಾರೆ ಎಂದು ತಿಳಿದಾಗ ಅವಳು ಸುಮ್ಮನೆ ಕೂರಲಿಲ್ಲ.

ಕಾಲೇಜಿಗೆ ಪಾಠ ಮಾಡಲು ಹೋಗುವಾಗ ಆ ಕಟ್ಟಡವನ್ನು ನಾನು ದಿನವೂ ನೋಡುತ್ತಿದ್ದೆ. ನನ್ನ ಕಣ್ಣಿಗೆ ಅದು ಮಳೆನೀರಿಗೆ ಕಪ್ಪಿಟ್ಟ ಕಾಂಕ್ರೀಟಿನ ರಾಶಿ, ಅಷ್ಟೇ.

"ಅದರಲ್ಲಿ ಏನಿದೆ ಅಂತ ಇಷ್ಟು ಒದ್ದಾಡ್ತೀಯ?" ಎಂದು ಕೇಳಿದೆ.

"ಬನ್ನಿ, ತೋರಿಸ್ತೀನಿ."

ಏಪ್ರಿಲ್ ತಿಂಗಳ ಮಧ್ಯಾಹ್ನ. ಹೊರಗೆ ಲಾರಿಗಳ ಧೂಳು, ಉರಿಬಿಸಿಲು. ಒಳಗೆ ಕಾಲಿಟ್ಟರೆ ತಂಪು. ಚಾವಣಿ ಗರಗಸದ ಹಲ್ಲಿನಂತೆ ಏರಿ ಇಳಿದಿತ್ತು. ಉತ್ತರಕ್ಕೆ ಮುಖ ಮಾಡಿದ ಗಾಜುಗಳಿಂದ ಬಿಸಿಲಿಲ್ಲದ ಬೆಳಕು ಬರುತ್ತಿತ್ತು. ಒಂದು ಗೋಡೆ ಪೂರ್ತಿ ಗಾಳಿಯಾಡುವ ಸಿಮೆಂಟಿನ ಜಾಲರಿ. ಅವಳು ನನ್ನ ಚೀಲದಿಂದ ದಿನಪತ್ರಿಕೆ ಎಳೆದು, ದೊಡ್ಡ ದನಿಯಲ್ಲಿ ಒಂದು ಸುದ್ದಿ ಓದಿದಳು. "ಲೈಟಿಲ್ಲ, ಫ್ಯಾನಿಲ್ಲ. ಕಟ್ಟಿದವರು ಪೆದ್ದರಲ್ಲ ಕಣ್ರೀ," ಎಂದಳು.

ಇದೇ ಕಟ್ಟಡವನ್ನು ಆಸ್ಪತ್ರೆ ಮಾಡೋಣ ಎಂದು ಅವಳು ಕೊಟ್ಟ ಯೋಜನೆಗೆ ಹಿರಿಯ ಅಧಿಕಾರಿಯೊಬ್ಬರು ಒಪ್ಪಲಿಲ್ಲ. "ಮೇಡಂ, ಜನಕ್ಕೆ ಹೊಸ ಬಿಲ್ಡಿಂಗ್ ಬೇಕು. ಹಳೇದಕ್ಕೆ ಬಣ್ಣ ಬಳಿದು ಕೊಟ್ರೆ ಬೈತಾರೆ."

"ಒಡೆದ ಮಣ್ಣು ಕಲ್ಲೆಲ್ಲ ಯಾವ ಕೆರೆಗೆ ಸುರಿಯೋಣ ಸಾರ್, ನೀವೇ ಹೇಳಿ," ಎಂದು ಕೇಳಿದಳಂತೆ.

ತಿಂಗಳುಗಟ್ಟಲೆ ಅಲೆದ ಮೇಲೆ ಒಪ್ಪಿಗೆ ಸಿಕ್ಕಿತು. ಅದೇ ಮಳೆಗಾಲದಲ್ಲಿ ಅವಳಿಗೆ ಕ್ಯಾನ್ಸರ್ ಇರುವುದೂ ಗೊತ್ತಾಯಿತು.

ಚಿಕಿತ್ಸೆಯ ನಡುವೆಯೂ ಕೆಲಸದ ಜಾಗಕ್ಕೆ ಹೋಗುತ್ತಿದ್ದಳು. ಬೇಡವೆಂದರೆ ಕೇಳುತ್ತಿರಲಿಲ್ಲ, ಹಾಗಾಗಿ ನಾನೇ ಕರೆದುಕೊಂಡು ಹೋಗತೊಡಗಿದೆ. ತಲೆಗೂದಲೆಲ್ಲ ಉದುರಿದ ಮೇಲೆ ಒಂದು ದಿನ, "ಹೆಲ್ಮೆಟ್ ಲೂಸಾಗೋಯ್ತು ರೀ," ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಕರವಸ್ತ್ರ ಮಡಚಿ ಹೆಲ್ಮೆಟ್ಟಿನೊಳಗೆ ಇಟ್ಟು ಅವಳ ತಲೆಗೆ ಹಾಕಿದೆ.

ಕೆಲಸ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು.

ಆಮೇಲೆ ಕೆಲಸ ವಹಿಸಿಕೊಂಡ ಯುವ ಆರ್ಕಿಟೆಕ್ಟ್ ಒಮ್ಮೆ ಫೋನ್ ಮಾಡಿದ. "ಸಾರ್, ಜಾಲರಿ ಗೋಡೆ ಮುಚ್ಚಿ ಗಾಜು ಹಾಕ್ತಿದ್ದಾರೆ. ಧೂಳು ಬರುತ್ತೆ, ಎಸಿ ಬೇಕು ಅಂತಾರೆ. ಮೇಡಂ ಹೇಳಿದ್ದನ್ನೆಲ್ಲ ಹೇಳಿ ನೋಡ್ದೆ. ಚಾವಣಿ ಮಾತ್ರ ಉಳೀತು." ಅವನ ದನಿ ಒಡೆದಿತ್ತು. ನಾನು ಅವನನ್ನೇ ಸಮಾಧಾನ ಮಾಡಬೇಕಾಯಿತು. ಆದರೆ ಫೋನ್ ಇಟ್ಟ ಮೇಲೆ ಅವಳನ್ನು ಎರಡನೇ ಸಲ ಕಳೆದುಕೊಂಡಂತೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಆಸ್ಪತ್ರೆ ಶುರುವಾಗಿ ಬಹಳ ದಿನಗಳವರೆಗೂ ಅತ್ತ ಹೋಗಲು ಧೈರ್ಯ ಬರಲಿಲ್ಲ. ಹೋದ ತಿಂಗಳು ಹೋದೆ. ಬಾಗಿಲಲ್ಲೇ ಜನವೋ ಜನ. ಕಂಕುಳಲ್ಲಿ ಮಗು ಹೊತ್ತ ಒಬ್ಬ ಹೆಂಗಸು, ಉತ್ತರ ಕರ್ನಾಟಕದ ಕಡೆಯವಳು, ನನ್ನನ್ನು ತಡೆದಳು.

"ಅಣ್ಣಾರ, ಮಕ್ಕಳಿಗೆ ಸೂಜಿ ಹಾಕೋ ಖೋಲಿ ಎಲ್ಲೈತ್ರಿ?"

ನನಗೆ ಗೊತ್ತಿತ್ತು. ಆ ಕೋಣೆಯ ನಕ್ಷೆಯನ್ನು ನನ್ನ ಹೆಂಡತಿ ನಮ್ಮ ಊಟದ ಮೇಜಿನ ಮೇಲೆ ಎಷ್ಟೋ ಸಲ ಬರೆದು ಅಳಿಸಿದ್ದಳು. ಅಳುವ ಮಕ್ಕಳನ್ನು ತಾಯಂದಿರು ಹೊರಗೆ ಎತ್ತಿಕೊಂಡು ಹೋಗಲು ಅಂಗಳಕ್ಕೆ ಒಂದು ಬಾಗಿಲು ಬೇಕೇ ಬೇಕು ಎಂದು ಹಟ ಹಿಡಿದಿದ್ದಳು. ಹೆಂಗಸನ್ನು ಅಲ್ಲಿಯವರೆಗೆ ಕರೆದೊಯ್ದೆ. ಅಂಗಳದ ಬಾಗಿಲು ತೆರೆದೇ ಇತ್ತು.

"ಇಲ್ಲೇ ಕೆಲಸ ಮಾಡ್ತೀರೇನ್ರಿ?"

"ಇಲ್ಲಮ್ಮ. ನನ್ನ ಹೆಂಡ್ತಿ ಮಾಡ್ತಿದ್ಲು."

"ಈಗ ರಿಟೈರ್ ಆದ್ರೇನ್ರಿ?"

"ಹೂಂ," ಎಂದೆ.