ಗುಟ್ಟಿನ ರಸ್ತೆಗೆ ಒಡೆದ ಕಾಯಿ

ಎಪ್ಪತ್ತರ ದಶಕದಲ್ಲಿ ಕುರುಬರಹಳ್ಳಿಯ ಹೊಲಗಳ ನಡುವೆ ರಸ್ತೆ ತರಲು ನಮ್ಮ ಇಲಾಖೆ ಗುಟ್ಟಾಗಿ ಯೋಜನೆ ಹಾಕಿತ್ತು. ಅದು ಊರಿಗೆಲ್ಲ ಗೊತ್ತಾಗಿಹೋಯಿತು. "ಬಾಯಿಬಿಟ್ಟವನನ್ನ ಜೈಲಿಗೆ ಹಾಕಿಸ್ತೀನಿ, ಹುಡುಕ್ರೀ!" ಎಂದು ಸಾಹೇಬರು ಗುಮಾಸ್ತನಾದ ನನ್ನನ್ನು ಅಟ್ಟಿದರು.

ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ. "ರಸ್ತೆ ವಿಷಯ ನಿಮಗ್ಯಾರು ಹೇಳಿದ್ದಜ್ಜಿ?"

"ನಿಮ್ಮ ಸಾಹೇಬ್ರೇ ಕಣಪ್ಪ. ಗುರುತಿನ ಕಲ್ಲು ನೆಟ್ಟು, ಕುಂಕುಮ ಇಟ್ಟು, ಕಾಯಿ ಒಡೆದು, 'ರಸ್ತೆ ಕೆಲಸ ಸುಸೂತ್ರವಾಗಿ ನಡೀಲಪ್ಪಾ' ಅಂತ ಜೋರಾಗಿ ಬೇಡ್ಕೊಂಡ್ರು. ನಮ್ಮನ್ನೆಲ್ಲ ಕರೆದು ಕಾಯಿಚೂರು ಕೊಟ್ರು."

ಜೈಲಿನ ಮಾತೆತ್ತಿದೆ. ಅಜ್ಜಿ ಮರುಗಿದರು. "ಪಾಪ, ದೈವಭಕ್ತರು. ಬಿಟ್ಬಿಡಿ."

ಇದ್ದದ್ದನ್ನು ಇದ್ದ ಹಾಗೆ ಸಾಹೇಬರಿಗೆ ಒಪ್ಪಿಸಿದೆ. ತನಿಖೆ ಅಲ್ಲಿಗೇ ನಿಂತಿತು. ಮುಂದಿನ ಗುಟ್ಟಿನ ರಸ್ತೆಗೂ ಕಾಯಿ ಒಡೆದರು. ಭದ್ರತೆಯ ದೃಷ್ಟಿಯಿಂದ ಕಾಯಿಚೂರು ಮಾತ್ರ ಹಂಚಲಿಲ್ಲ.