ಡಿಶ್ ಹಿಡಿದು ಕೂತ ಆಯಿ

ಆಗೆಲ್ಲ ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ: ಗೋಡೆಗಳ ನಡುವಿನ ಗಾಳಿ ನಮ್ಮದು, ಗೋಡೆ ಮಾತ್ರ ಓನರ್‌ದು. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಬೇಕಾದರೂ ಕೆಳಗೆ ಹೋಗಿ ಕೇಳಿಬರಬೇಕಿತ್ತು. ಹೈದರಾಬಾದಿನ ನಾರಾಯಣಗೂಡದ ಒಂದು ಒಳಗಲ್ಲಿಯಲ್ಲಿ, ಮೊದಲ ಮಹಡಿಯ ಎರಡು ಕೋಣೆಗಳ ಪೋರ್ಶನ್ ನಮ್ಮದು. ಕೆಳಗೆ ಓನರ್ ಸುಗುಣಮ್ಮ ಆಂಟಿ, ಮೇಲೆ ಟೆರೇಸು. ಬೇಸಿಗೆ ಬಂತೆಂದರೆ ಟೆರೇಸಿನ ತುಂಬ ಹಳೆಯ ಸೀರೆ ಹಾಸಿ ಅವರು ಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಸವರಿದ ಮಾವಿನಕಾಯಿ ಹೋಳು ಒಣಗಿಸುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ ಖಾರದ ಘಾಟು ಮೂಗಿಗೆ ಬಡಿಯುತ್ತಿತ್ತು. ನಾವು ಮಕ್ಕಳು ಸೀರೆಗಳ ನಡುವಿನ ಸಂದಿಯಲ್ಲೇ ಕುಂಟಾಬಿಲ್ಲೆ ಆಡುತ್ತಿದ್ದೆವು. ಸೀರೆಗೆ ಕಾಲು ತಾಗಿದವರು ಔಟ್.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆ ಅದು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ವಿಜಯಪುರದ ಕಡೆಯ ಹಳ್ಳಿಯಿಂದ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಿದ್ದಳು. ಅಪ್ಪ ಕೋಠಿಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್, ಅವ್ವ ಸುಲ್ತಾನ್ ಬಜಾರಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆಯಿ ಬರುವ ಮೊದಲು ನಾನು ಕೊರಳಿಗೆ ಕೀಲಿ ಕಟ್ಟಿಕೊಂಡು ಶಾಲೆಗೆ ಹೋಗಿ, ತಿರುಗಿ ಬಂದು ಖಾಲಿ ಮನೆಯ ಬೀಗ ತೆಗೆಯುವ ಹುಡುಗಿ. ಅವಳು ಬಂದ ಮೇಲೆ ಆ ಕೀಲಿ ಗೂಟಕ್ಕೆ ಹೋಯಿತು. ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ಶೇಂಗಾ ಹುರಿದ ವಾಸನೆ ಇರುತ್ತಿತ್ತು.

ಕಣ್ಣು ನೆಟ್ಟಗಾದ ಮೇಲೆ ಒಂದು ಸಂಜೆ ಆಯಿ ಕೈಚೀಲ ತೆಗೆದಳು.

“ನಾ ಹೊಂಟೆ. ಓಣ್ಯಾಗಿನ ಮಂದಿ ಮಾತು ತಿಳಿಯಂಗಿಲ್ಲ, ನಿಮ್ಮ ಈ ಡಬ್ಬಿ ಮಾತೂ ತಿಳಿಯಂಗಿಲ್ಲ. ಮೂಕಬಸವಿ ಹಂಗ ಎಷ್ಟ ದಿನಾ ಕುಂಡರ್ಲಿ?”

ಡಬ್ಬಿ ಅಂದರೆ ಟಿವಿ. ಗಲ್ಲಿಯ ಕೇಬಲ್‌ನಲ್ಲಿ ಬರುತ್ತಿದ್ದುದು ಬರೀ ತೆಲುಗು, ಹಿಂದಿ.

“ಡಬ್ಬಿ ಕನ್ನಡ ಮಾತಾಡಿದ್ರ ಇರ್ತಿಯೇನ?” ನಾನು ಕೇಳಿದೆ.

“ಮೊದಲ ಮಾತಾಡ್ಲಿ. ಮಳಿ ಬೀಳೂತನ ನೋಡ್ತೀನಿ. ಆಮ್ಯಾಲ ಬಸ್ಸ ಹತ್ತಾಕಿ.”

ಡಿಶ್ ಹಾಕಿಸಿದರೆ ಕನ್ನಡ ಬರುತ್ತದೆಂದು ಅಪ್ಪನಿಗೆ ಯಾರೋ ಅಂಗಡಿಯಲ್ಲಿ ಹೇಳಿದರು. ಒಂದು ಭಾನುವಾರ ಅದು ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಜೊತೆಗೆ ಅದನ್ನು ಕೂರಿಸುವ ಖಾಜಾ ಭಾಯಿ, ಅವರ ಕೈಯಲ್ಲಿ ಡ್ರಿಲ್. ಟೆರೇಸಿನಲ್ಲಿ ಅದು ಗುರ್ ಅಂದದ್ದೇ ತಡ, ಸುಗುಣಮ್ಮ ಆಂಟಿ ಸೆರಗಿನಿಂದ ಕೈ ಒರೆಸುತ್ತ ಮೆಟ್ಟಿಲು ಹತ್ತಿ ಬಂದರು. ಅವರ ಮಾತು ಅರ್ಧ ತೆಲುಗು, ಅರ್ಧ ಹೈದರಾಬಾದಿನ ಹಿಂದಿ. ನಾನಿಲ್ಲಿ ಕನ್ನಡಕ್ಕೆ ತಂದು ಹೇಳುತ್ತೇನೆ.

“ಸ್ಲ್ಯಾಬಿಗೆ ತೂತು ನಕ್ಕೋ, ಬೇಡವೇ ಬೇಡ. ಹಿಂದೆ ಇದ್ದವರು ಹೀಗೇ ಕೊರೆದು ಹೋದರು, ಮಳೆಗಾಲದಲ್ಲಿ ನೀರು ಗೋಡೆಯೊಳಗೇ ಇಳಿದು ಕೆಳಗೆ ನನ್ನ ದೇವರ ತಲೆ ಮೇಲೆ ಸುರಿಯಿತು.”

ಖಾಜಾ ಭಾಯಿ ಡ್ರಿಲ್ ಕೆಳಗಿಟ್ಟು, “ಬೋಲ್ಟ್ ನಹೀ ತೋ ಡಿಶ್ ನಹೀ, ಸಾಬ್. ಗಾಳಿ ಬಂದರೆ ಚಾರ್‌ಮಿನಾರಿಗೆ ಹಾರಿಹೋಗುತ್ತೆ” ಅಂದರು. ನಮ್ಮಪ್ಪ ಅಂಗಡಿಯಲ್ಲಿ ಒಂದು ಸೀರೆ ಕೇಳಿ ಬಂದವರಿಗೆ ನಾಲ್ಕು ಕಟ್ಟಿ ಕಳಿಸುವವನು. ಓನರ್ ಮುಂದೆ ಮಾತ್ರ ಬಾಯಿಗೆ ಬೀಗ. ಡಿಶ್ಶನ್ನು ಪೆಟ್ಟಿಗೆಗೆ ತುಂಬತೊಡಗಿದ.

ನನ್ನ ಕಣ್ಣು ನೀರಿನ ಟ್ಯಾಂಕಿನ ಕಡೆ ಹೋಯಿತು. ಅಲ್ಲಿ ಕಿತ್ತಿಟ್ಟ ಹಳೆಯ ಬಾಗಿಲ ಹಲಗೆಯೊಂದಿತ್ತು. ಪಕ್ಕದಲ್ಲಿ ಆಂಟಿಯ ಅತ್ತೆಯ ಕಾಲದ ಒರಳುಕಲ್ಲು. ಅದನ್ನು ಸರಿಸಲು ನಾವು ಗಲ್ಲಿಯ ಮಕ್ಕಳೆಲ್ಲ ಸೇರಿ ಸೋತಿದ್ದೆವು. ಇಲ್ಲೊಂದು ಮಾತು ಹೇಳುತ್ತೇನೆ, ವ್ಯಾಪಾರ ಮಾಡುವವರು ಕಿವಿಗೆ ಹಾಕಿಕೊಳ್ಳಿ. ಬೇಡ ಅಂದವರ ಹತ್ತಿರ ಅದನ್ನೇ ಮತ್ತೆ ಕೇಳಬಾರದು. ಅವರಿಗೆ ಏನು ಬೇಕಾಗಿದೆಯೋ ಅದರಿಂದ ಶುರು ಮಾಡಬೇಕು.

“ಆಂಟೀ, ಮಧ್ಯಾಹ್ನ ನೀವು ಮಲಗಿದಾಗ ಮಾವಿನಕಾಯಿಗೆ ಕಾಗೆ ಬರ್ತಾವಲ್ಲ, ಯಾರು ಕಾಯ್ತಾರೆ?”

“ಯಾರಿದ್ದಾರೆ ಕಾಯೋಕೆ? ಅವು ತಿಂದು ಉಳಿದದ್ದು ನನಗೆ.”

“ಇಡೀ ಬೇಸಿಗೆ ನಾನು ಕಾಯ್ತೀನಿ. ಡಿಶ್ಶನ್ನ ಆ ಹಲಗೆಗೆ ಬೋಲ್ಟ್ ಮಾಡಿ, ಹಲಗೆ ಮೇಲೆ ಒರಳುಕಲ್ಲು ಇಡೋಣ. ನಿಮ್ಮ ಸ್ಲ್ಯಾಬಿಗೆ ಗೀರೂ ಬೀಳಲ್ಲ.”

ಆಂಟಿ ಕಲ್ಲನ್ನು ನೋಡಿದರು, ಮಾವಿನಕಾಯಿಯನ್ನು ನೋಡಿದರು, ಕೊನೆಗೆ ನನ್ನಪ್ಪನನ್ನು ನೋಡಿ, “ಇವಳನ್ನು ಅಂಗಡಿಗೆ ಕಳಿಸಿ, ನೀವು ಮನೆಯಲ್ಲಿರಿ” ಅಂದರು. ಅವರದೂ ಒಂದು ಷರತ್ತಿತ್ತು. ಕಲ್ಲು ಅವರದು, ಕೇಳಿದ ದಿನ ನೆಪ ಹೇಳದೆ ಬಿಟ್ಟುಕೊಡಬೇಕು. ಒಪ್ಪಿದೆ. ಖಾಜಾ ಭಾಯಿ ಡಿಶ್ಶನ್ನು ಅತ್ತ ಇತ್ತ ತಿರುಗಿಸಿ, ಸಿಗ್ನಲ್ ಸಿಕ್ಕ ಕಡೆ ಹಲಗೆಯ ಸುತ್ತ ಇದ್ದಿಲಿನಿಂದ ಗೆರೆ ಎಳೆದರು. ಈ ಗೆರೆ ದಾಟಿದರೆ ಕನ್ನಡ ಖತಂ, ಅಂದರು.

ಡಬ್ಬಿ ಕನ್ನಡ ಮಾತಾಡಿತು. ಆಯಿ ಅದರ ಮುಂದೆ ಕೂತು ವಾರ್ತೆ ಓದುವವಳಿಗೆ ಎದುರುತ್ತರ ಕೊಡತೊಡಗಿದಳು. “ಇದೇನ ಕನ್ನಡವಾ ನಿಂದು, ಉಪ್ಪ ಇಲ್ಲದ ಸಾರಾಗೇತಿ.” ಆದರೂ ದಿನಾ ಕೂಡುತ್ತಿದ್ದಳು. ಕೈಚೀಲ ಮಾತ್ರ ಕಪಾಟಿನ ಒಳಗೆ ಹೋಗಲಿಲ್ಲ, ಬಾಗಿಲ ಹಿಂದೆ ತೂಗುತ್ತಿತ್ತು. ನಾನು ಗೂಟದಲ್ಲಿದ್ದ ಮನೆಯ ಕೀಲಿಯನ್ನೂ ಅದನ್ನೂ ದಿನಕ್ಕೊಮ್ಮೆ ನೋಡುತ್ತಿದ್ದೆ.

ಆಕಾಶದಲ್ಲಿ ಮೋಡ ಕಾಣತೊಡಗಿದ ಹೊತ್ತಿಗೆ ಆಂಟಿ ಕಲ್ಲು ಕೇಳಿದರು. ಬೂದುಗುಂಬಳದ ಸಂಡಿಗೆ ಇಡಬೇಕು, ಅವರ ಮಾತಿನಲ್ಲಿ ವಡಿಯಾಲು. ಅದರ ಉದ್ದಿನ ಹಿಟ್ಟು ಮಿಕ್ಸಿಯಲ್ಲಿ ಹದಕ್ಕೆ ಬರುವುದಿಲ್ಲವಂತೆ. ಕೊಟ್ಟ ಮಾತು. ಅಪ್ಪ, ಆಂಟಿಯ ಯಜಮಾನರು ಸೇರಿ ಕಲ್ಲು ಇಳಿಸಿದರು. ಅಪ್ಪ ಹಲಗೆಯ ಮೇಲೆ ಇಟ್ಟಿಗೆ ಪೇರಿಸಿ, ನೀರಿನ ಬಕೆಟ್ ಇಟ್ಟು ಅಂಗಡಿಗೆ ಹೋದ. ಮಳೆಗೆ ಮುಂಚಿನ ಗಾಳಿ. ಇಟ್ಟಿಗೆ, ಬಕೆಟ್ ಉರುಳಿ, ಹಲಗೆ ತಟತಟ ಕುಣಿದು ಗೆರೆ ದಾಟಿತು. ಕೆಳಗೆ ಟಿವಿ ನೀಲಿಯಾಯಿತು. ನಾನು ಮೇಲೆ ಓಡಿ, ಹಲಗೆಯನ್ನು ಗೆರೆಗೆ ತಳ್ಳಿ ಅದರ ಮೇಲೆ ಹತ್ತಿ ನಿಂತೆ. ನನ್ನ ತೂಕಕ್ಕೆ ಅದು ಸೊಪ್ಪು ಹಾಕಲಿಲ್ಲ.

ಅಷ್ಟರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಆಯಿ ಗೋಡೆ ಹಿಡಿದು ಮೇಲೆ ಬಂದಳು.

“ಅತ್ತಾಗ ಸರಿ, ಸುಮ್ಮೀ. ನಾ ಕುಂಡರ್ತೀನಿ. ನೀ ಕೆಳಗ ಹೋಗಿ ನೋಡು, ಬಂತೇನು.”

ಡಿಶ್ಶಿಗೆ ಅಡ್ಡವಾಗದಂತೆ ಅದರ ಹಿಂದೆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಮ್ಮ ಆಯಿಯದು ದೊಡ್ಡ ಮೈ. ಹಲಗೆ ಕಚ್ಚಿ ನಿಂತಿತು. ಕೆಳಗೆ ಓಡಿದೆ, ಅವಳು ದಿನಾ ಕಾಯುವ ಕಾರ್ಯಕ್ರಮ ಬರುತ್ತಿತ್ತು. ಕಿಟಕಿಯಿಂದ ಕೂಗಿದೆ, “ಆಯೀ, ಬಂತು!” ಮೇಲಿಂದ ಬರೀ ಗುಡುಗುಡು ಸದ್ದು ಬಂತು. ಬಿದ್ದಳೋ ಏನೋ ಎಂದು ಮತ್ತೆ ಮೇಲೆ ಓಡಿದೆ.

ಆಂಟಿ ಬಂದು, ಹಲಗೆಯ ಪಕ್ಕದಲ್ಲೇ ಇಳಿಸಿದ್ದ ಕಲ್ಲಿನಲ್ಲಿ ಉದ್ದು ರುಬ್ಬುತ್ತಿದ್ದರು. ಆಯಿ ಕೂತಲ್ಲಿಂದಲೇ ಬಗ್ಗಿ ಹಿಟ್ಟಿಗೆ ಬೆರಳು ಅದ್ದಿದ್ದಳು.

“ನೀರ ಭಾಳ ಆತು ನೋಡ್ರಿ. ಹಿಂಗಾದ್ರ ಸಂಡಿಗಿ ಅರಳಂಗಿಲ್ಲ.”

“ನೀಳ್ಳು ಕಾದು, ಎಂಡ ಲೇದು,” ಆಂಟಿ ಆಕಾಶ ತೋರಿಸಿದರು. ನೀರಿನ ತಪ್ಪಲ್ಲ, ಬಿಸಿಲಿಲ್ಲ ಅಂತ.

“ಬಿಸಲಿಗ್ಯಾಕ ಬೈತೀರಿ? ಕೈ ನಿಮ್ಮದು.” ಆಂಟಿಗೆ ಎಷ್ಟು ತಿಳಿಯಿತೋ, ಜೋರಾಗಿ ನಕ್ಕರು. ಗುಂಡುಕಲ್ಲನ್ನು ಆಯಿಯ ಕಡೆ ತಳ್ಳಿ, ನೀವೇ ರುಬ್ಬಿ ಎಂಬಂತೆ ಸನ್ನೆ ಮಾಡಿದರು.

“ಆಯೀ, ನಿನ್ನ ಕಾರ್ಯಕ್ರಮ ನಡದೈತಿ. ನಾ ಕುಂಡರ್ತೀನಿ, ನೀ ಹೋಗಿ ನೋಡು.”

“ನೀನ ನೋಡು ಹೋಗು. ನಾ ಇಲ್ಲಿ ಕೆಲಸದಾಗ ಅದೀನಿ.”

ಕೆಳಗೆ ಖಾಲಿ ಕೋಣೆಗೆ ಡಬ್ಬಿ ಕನ್ನಡದಲ್ಲಿ ಮಾತಾಡುತ್ತಲೇ ಇತ್ತು. ಮಾರನೆಯ ದಿನ ಕಲ್ಲು ತನ್ನ ಜಾಗಕ್ಕೆ ಮರಳಿತು; ಆಯಿ ಡಬ್ಬಿಯ ಮುಂದೆ ಮರಳಲಿಲ್ಲ. ಮಧ್ಯಾಹ್ನ ಇಳಿದರೆ ಸಾಕು, ಡಿಶ್ ಅಲುಗಾಡತೈತಿ ನೋಡಿ ಬರ್ತೀನಿ ಎಂದು ಮೇಲೆ ಹೋಗುವವಳು ದೀಪ ಹಚ್ಚುವ ಹೊತ್ತಿಗೇ ಇಳಿಯುತ್ತಿದ್ದಳು. ಮಳೆ ಬಿತ್ತು. ಅಪ್ಪ ಅಂಜುತ್ತಂಜುತ್ತ ಬಸ್ಸಿನ ಮಾತು ತೆಗೆದ. “ಸಂಡಿಗಿ ಇನ್ನೂ ಹಸಿ ಅದಾವ, ಬಿಟ್ಟು ಹೆಂಗ ಹೋಗಲಿ?” ಅಂದಳು. ಕೈಚೀಲ ಕಪಾಟು ಸೇರಿತು. ನಾನು ಹತ್ತನೇ ಇಯತ್ತೆ ಮುಗಿಸುವ ತನಕ ನಮ್ಮ ಮನೆಯ ಬಾಗಿಲು ತೆರೆದೇ ಇತ್ತು.

ಈಗ ಸುಲ್ತಾನ್ ಬಜಾರಿನಲ್ಲಿ ನನ್ನದೇ ಅಂಗಡಿಯಿದೆ, ಸ್ವಂತ ಫ್ಲ್ಯಾಟಿದೆ. ಕೊಳ್ಳುವಾಗ ಬಿಲ್ಡರ್‌ನನ್ನು ಸುಸ್ತು ಮಾಡಿ ಕೇಳಿದ್ದೆಲ್ಲ ಪಡೆದೆ. ಟೆರೇಸಿನ ಕೀಲಿ ಕೇಳುವುದು ಮಾತ್ರ ತಲೆಗೆ ಬರಲಿಲ್ಲ. ಅದು ವಾಚ್‌ಮನ್ ಹತ್ತಿರ ಇರುತ್ತದೆ, ಯಾರೂ ಮೇಲೆ ಹೋಗುವುದಿಲ್ಲ. ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನೀವು ಮನೆ ನೋಡುವವರಾದರೆ ಮೊದಲು ಆ ಕೀಲಿ ಕೇಳಿ. ಅಡುಗೆಮನೆ, ಪಾರ್ಕಿಂಗ್ ಎಲ್ಲ ಆಮೇಲೆ. ನಮ್ಮ ಬಿಲ್ಡಿಂಗಿಗೆಲ್ಲ ಸೇರಿ ಒಂದೇ ದೊಡ್ಡ ಡಿಶ್, ಸ್ಲ್ಯಾಬಿಗೆ ಗಟ್ಟಿಯಾಗಿ ಬೋಲ್ಟ್ ಹಾಕಿ ಕೂರಿಸಿದ್ದು. ಎಂಥ ಗಾಳಿಗೂ ಅಲುಗುವುದಿಲ್ಲ. ಯಾರೂ ಹೋಗಿ ಅದನ್ನು ಹಿಡಿದು ಕೂಡಬೇಕಾಗಿಲ್ಲ.